ಮಗುವಿನ ಬೆಳವಣಿಗೆಗೆ ಅನ್ನವೊಂದೇ ಸಾಕೆ?

ಅಂಗನವಾಡಿಯಲ್ಲಿ ಮಗುವನ್ನು ತಕ್ಕಡಿಯಲ್ಲಿಟ್ಟು ತೂಗುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ತಿಂಗಳು ತಿಂಗಳಿನ ತೂಕವನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದರೆ ಶರೀರದ ಬೆಳವಣಿಗೆ ಕಣ್ಣಿಗೆ ಕಾಣುತ್ತದೆ. ಮನಸ್ಸಿನ ಬೆಳವಣಿಗೆಯಾದರೋ ಹಾಗೆ ಕಾಣುವುದಿಲ್ಲ. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ, ರಾಣೆಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ತಾಯಿಗೆ, ಮಗು ಹೊಟ್ಟೆ ತುಂಬ ಉಂಡು ಮಲಗಿದರೆ ಅದೇ ದೊಡ್ಡ ಸಮಾಧಾನ. ಆದರೆ ಅಷ್ಟರಿಂದಲೇ ಮಗು ಸರಿಯಾಗಿ ಬೆಳೆಯುವುದೆ? ಬಡ ದೇಶಗಳಲ್ಲಿ ಈ ಪ್ರಶ್ನೆಯನ್ನು ವಿಜ್ಞಾನಿಗಳು ಹೇಗೆ ಪರೀಕ್ಷಿಸಿದರೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಪ್ರಶ್ನೆ ಸಣ್ಣದಲ್ಲ. ಬೆಂಗಳೂರಿನ ನಗರ ಹಾಗೂ ಗ್ರಾಮ ಪ್ರದೇಶಗಳಲ್ಲಿ 16 ವರ್ಷದವರೆಗಿನ 2064 ಮಕ್ಕಳನ್ನು ಪರೀಕ್ಷಿಸಿದ ಸಮೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 12.5ರಷ್ಟು, ಎಂದರೆ ಎಂಟು ಮಕ್ಕಳಿಗೆ ಒಬ್ಬರಂತೆ, ಯಾವುದಾದರೊಂದು ಮಾನಸಿಕ ತೊಂದರೆಯುಳ್ಳವರೆಂದು ಕಂಡುಬಂದಿತು.

ಇಂಥ ತೊಂದರೆಗಳಿಗೆ ಕಾರಣವನ್ನು ಹುಡುಕುವುದು ಸುಲಭವಲ್ಲ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಲೋಲಕದ ಗುಂಡನ್ನು ಬದಲಿಸದೆ ದಾರದ ಉದ್ದವನ್ನು ಮಾತ್ರ ಬದಲಿಸುತ್ತೇವೆ. ಆದುದರಿಂದ ಆಂದೋಲನದ ಕಾಲದಲ್ಲಿ ಆಗುವ ವ್ಯತ್ಯಾಸಕ್ಕೆ ಉದ್ದವೇ ಕಾರಣವೆಂದು ಧೈರ್ಯವಾಗಿ ಹೇಳಬಲ್ಲೆವು. ಬಡವರ ಮನೆಯಲ್ಲಿ ಆಹಾರದ ಕೊರತೆ, ಕಾಯಿಲೆ, ತಾಯಿಯ ದಣಿವು, ಆಟಿಕೆಗಳ ಅಭಾವ ಎಲ್ಲವೂ ಒಟ್ಟಿಗೇ ಇರುತ್ತವೆ. ಒಂದನ್ನು ಬಿಟ್ಟು ಒಂದನ್ನು ಬದಲಿಸುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಬಹು ಸರಳವಾದುದು. ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿದರೆ, ಬಡತನ, ಕಾಯಿಲೆ ಮೊದಲಾದುವು ಎಲ್ಲ ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಹರಡಿಕೊಳ್ಳುತ್ತವೆ. ಆಮೇಲೆ ಕಾಣುವ ದೊಡ್ಡ ವ್ಯತ್ಯಾಸ ನಾವು ಕೊಟ್ಟ ನೆರವಿನದೇ ಎಂದು ತರ್ಕಿಸಬಹುದು.

ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಹೀಗೆಯೇ ಮಾಡಿದರು. ವಯಸ್ಸಿಗೆ ತಕ್ಕ ಎತ್ತರವಿಲ್ಲದ, 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿಕೊಂಡು ನಾಲ್ಕು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ ಹಾಲಿನಿಂದ ತಯಾರಿಸಿದ ಪೂರಕ ಆಹಾರ. ಎರಡನೆಯದಕ್ಕೆ ವಾರಕ್ಕೊಂದು ಗಂಟೆ ಆರೋಗ್ಯ ಸಹಾಯಕಿಯ ಭೇಟಿ. ಆಕೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಆಟಿಕೆಗಳಿಂದ ಮಗುವನ್ನು ಆಡಿಸುವುದನ್ನೂ ಅದರೊಡನೆ ಮಾತಾಡುವುದನ್ನೂ ತಾಯಿಗೆ ಕಲಿಸುತ್ತಿದ್ದಳು. ಮೂರನೆಯದಕ್ಕೆ ಇವೆರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಎರಡು ವರ್ಷಗಳ ಕೊನೆಯಲ್ಲಿ ಆಹಾರವೂ ಫಲ ಕೊಟ್ಟಿತ್ತು, ಆಟವೂ ಫಲ ಕೊಟ್ಟಿತ್ತು. ಎರಡನ್ನೂ ಪಡೆದವರು ಎಲ್ಲರಿಗಿಂತ ಮುಂದಿದ್ದರು. ಸ್ವಾರಸ್ಯವಿರುವುದು ಮುಂದಿನ ಕಥೆಯಲ್ಲಿ. ಮಕ್ಕಳಿಗೆ 11-12 ವರ್ಷಗಳಾದಾಗ ಬುದ್ಧಿಪರೀಕ್ಷೆ ಮಾಡಿದರೆ, ಪೂರಕ ಆಹಾರದಿಂದಾದ ಲಾಭದ ಗುರುತು ಉಳಿದಿರಲಿಲ್ಲ. ಆಟ-ಮಾತುಗಳ ಲಾಭ ಉಳಿದಿತ್ತು. ಸುಮಾರು 22ನೆಯ ವಯಸ್ಸಿನಲ್ಲಿ, ಆಟ-ಮಾತುಗಳ ನೆರವು ಪಡೆದಿದ್ದವರ ಗಳಿಕೆ ಉಳಿದವರದಕ್ಕಿಂತ ಶೇಕಡಾ 25ರಷ್ಟು ಅಧಿಕವಾಗಿತ್ತೆಂದು 2014ರಲ್ಲಿ ವರದಿಯಾಯಿತು. ಆಹಾರ ಬೇಡವೆಂದು ಇದರ ಅರ್ಥವಲ್ಲ. ಅದಿಲ್ಲದೆ ಶರೀರವೇ ಉಳಿಯದು. ಆಹಾರವೊಂದೇ ಸಾಲದೆಂಬುದು ಇದರ ತಾತ್ಪರ್ಯ.

ಹಾಗಾದರೆ ಮಗುವನ್ನು ಆಡಿಸಬೇಕಾದ ತಾಯಿಯೇ ಮಂಕಾಗಿ ಕುಳಿತಿದ್ದರೆ? ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಾಡಿನಲ್ಲಿ ಖಿನ್ನತೆಗೊಳಗಾದ 903 ಮಂದಿ ಗರ್ಭಿಣಿಯರನ್ನು ಕುರಿತ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಇಲ್ಲಿ ಚೀಟಿ ಎತ್ತಿದ್ದು ತಾಯಂದಿರ ಹೆಸರಿನಲ್ಲಲ್ಲ, 40 ಪ್ರದೇಶಗಳ ಹೆಸರಿನಲ್ಲಿ. ಅರ್ಧ ಪ್ರದೇಶಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆಯರಿಗೆ ನಿರಾಶೆಯ ಯೋಚನೆಗಳನ್ನು ಮಾತಿನ ಮೂಲಕ ತಿದ್ದುವ ತರಬೇತಿ ದೊರೆಯಿತು. ಉಳಿದ ಅರ್ಧದಲ್ಲಿ ಆ ತರಬೇತಿಯಿಲ್ಲದವರು ಅಷ್ಟೇ ಸಲ ಮನೆಗೆ ಹೋಗಿಬಂದರು. ಭೇಟಿಯ ಸಂಖ್ಯೆಯೇ ವ್ಯತ್ಯಾಸಕ್ಕೆ ಕಾರಣವಾಗಬಾರದಷ್ಟೆ! ಹೆರಿಗೆಯಾದ ಆರು ತಿಂಗಳಿಗೆ ಮೊದಲನೆಯ ಗುಂಪಿನಲ್ಲಿ ಶೇಕಡಾ 23 ತಾಯಂದಿರಲ್ಲಿ, ಎರಡನೆಯದರಲ್ಲಿ ಶೇಕಡಾ 53 ತಾಯಂದಿರಲ್ಲಿ ಖಿನ್ನತೆ ಉಳಿದಿತ್ತು. ಮಕ್ಕಳ ತೂಕ, ಎತ್ತರಗಳಲ್ಲಿ ಗಣನೀಯವಾದ ಅಂತರ ಬರಲಿಲ್ಲ. ಆದರೆ ಮೊದಲನೆಯ ಗುಂಪಿನ ಮಕ್ಕಳಿಗೆ ಭೇದಿ ಕಡಮೆಯಾಯಿತು, ಲಸಿಕೆ ಹೆಚ್ಚಾಗಿ ದೊರೆಯಿತು, ತಂದೆತಾಯಿಗಳು ಮಗುವನ್ನು ಹೆಚ್ಚು ಹೊತ್ತು ಆಡಿಸತೊಡಗಿದರು. ಕೇವಲ ತಕ್ಕಡಿಯನ್ನು ನಂಬಿದ್ದರೆ ಈ ಲಾಭ ಯಾವುದೂ ನಮಗೆ ಕಾಣುತ್ತಿರಲಿಲ್ಲ.

ಈ ಎರಡು ಪ್ರಯೋಗಗಳಲ್ಲಿಯೂ ಮನೆಮನೆಗೆ ಹೋದವರು ಮನೋವೈದ್ಯರಲ್ಲ, ತರಬೇತಿ ಪಡೆದ ನೆರೆಹೊರೆಯ ಹೆಂಗಸರು ಎಂಬುದನ್ನು ಗಮನಿಸಬೇಕು. ಈ ಮಾರ್ಗ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕಾರ್ಯಕರ್ತರನ್ನೂ ಮಾನಸಿಕ ಚಿಕಿತ್ಸೆಗೆ ಅಣಿಗೊಳಿಸಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯತ್ನವೇ ಮಾದರಿ. 1975ರಲ್ಲಿ ನಾಡಿನಲ್ಲಿ ಹುಟ್ಟಿದ ಅಂಗನವಾಡಿಗಳೂ, ಆಮೇಲೆ ಬಂದ ಆಶಾ ಕಾರ್ಯಕರ್ತೆಯರೂ ಇಂದು ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿದ್ದಾರೆ. ನಿದ್ದೆಗೆಟ್ಟು, ಮಗುವಿನ ಮೇಲೂ ಆಸೆಯಿಲ್ಲದೆ ಕುಳಿತ ಬಾಣಂತಿಯನ್ನು ಕಂಡರೆ ಸೋಮಾರಿಯೆಂದು ಜರೆಯದೆ, ಆಶಾ ಕಾರ್ಯಕರ್ತೆಗೆ ತಿಳಿಸಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಕರೆಮಾಡಿಯೂ ಸಲಹೆ ಕೇಳಬಹುದು.

ವಿದ್ಯಾರ್ಥಿಗಳ ಮನೆಯಲ್ಲಿಯೂ ತಮ್ಮನೋ ತಂಗಿಯೋ ಅಕ್ಕನ ಕೂಸೋ ಇರಬಹುದು. ಸಂಜೆ ಅರ್ಧ ಗಂಟೆ ಆ ಮಗುವನ್ನು ಎದುರಿಗೆ ಕೂರಿಸಿಕೊಂಡು, ಬಟ್ಟಲು ಚಮಚಗಳ ಹೆಸರು ಹೇಳಿಕೊಡುತ್ತ, ಅದರ ತೊದಲುನುಡಿಗೆ ಉತ್ತರ ಕೊಡುತ್ತ ಆಡಿಸಲಿ. ಇದಕ್ಕೆ ಕಾಸು ಖರ್ಚಿಲ್ಲ. ಹೊಲದಿಂದ ದಣಿದು ಬಂದ ತಾಯಿಗೂ ಅಷ್ಟು ಹೊತ್ತು ಬಿಡುವು ದೊರೆಯುತ್ತದೆ.