ಬಿ.ಟಿ. ಹತ್ತಿಯಲ್ಲಿ ಡಿಎನ್‌ಎ, ಆರ್‌ಎನ್‌ಎ ಮಾಡುವ ಕೆಲಸ

ನಾಗಲದಿನ್ನೆ: ಆದೋನಿ ಕಡೆಯ ರೈತರಿಗೆ ಬಿ.ಟಿ. ಹತ್ತಿ ಹೊಸದಲ್ಲ. ಕೇಂದ್ರ ಸರ್ಕಾರ ಇದಕ್ಕೆ 2002ರಲ್ಲಿ ಅನುಮತಿ ನೀಡಿತು. ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನನ್ನು ಹತ್ತಿಯ ಡಿಎನ್‌ಎಗೆ ಸೇರಿಸಿದ್ದಾರೆ.

ಡಿಎನ್‌ಎ ಎರಡೆಳೆಯ ಮೂಲ ದಾಖಲೆ, ಕೋಶಕೇಂದ್ರದಲ್ಲೇ ಇರುತ್ತದೆ. ಹೊರಗೆ ಬರುವುದು ಅದರ ನಕಲು, ಒಂಟಿ ಎಳೆಯ ಆರ್‌ಎನ್‌ಎ. ನಕಲಿನಲ್ಲಿ 'ಟಿ' ಅಕ್ಷರದ ಜಾಗಕ್ಕೆ 'ಯು' ಬರುತ್ತದೆ. ತೆಲುಗಿನ ಪತ್ತಿ ನಮ್ಮಲ್ಲಿ ಹತ್ತಿ ಆದಂತೆ, ಅರ್ಥವೇನೂ ಕೆಡದು. ಅದನ್ನು ಓದಿ ರೈಬೋಸೋಮ್ ಪ್ರೋಟೀನ್ ಕಟ್ಟುತ್ತದೆ. ಆ ಪ್ರೋಟೀನ್ ತಿಂದ ಕಾಯಿಕೊರಕದ ಕರುಳು ತೂತಾಗಿ ಹುಳು ಸಾಯುತ್ತದೆ.

ಹಾಗಾದರೆ ಗುಲಾಬಿ ಕಾಯಿಕೊರಕ ಈಗ ಏಕೆ ಸಾಯುತ್ತಿಲ್ಲ? ಬೀಜವನ್ನು ದೂರುವವರೇ ಹೆಚ್ಚು. ಆದರೆ ಬದಲಾಗಿರುವುದು ಹುಳುವಿನ ಡಿಎನ್‌ಎ. ಗುಜರಾತಿನಿಂದ 2010ರಲ್ಲೇ ಇದು ವರದಿಯಾಗಿತ್ತು. ಅದರ ಕರುಳಿಗೆ ವಿಷ ಅಂಟುವುದಿಲ್ಲ. ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಹತ್ತಿಕಟ್ಟಿಗೆಯನ್ನು ಹೊಲದಲ್ಲಿ ಬಿಡಬೇಡಿ; ಉಳಿದ ಕಾಯಿಗಳಲ್ಲೇ ಹುಳು ಮುಂದಿನ ಬೆಳೆಗೆ ಕಾದಿರುತ್ತದೆ.