ಕರಾವಳಿ ದೋಣಿಗಳಲ್ಲಿ ಎಂಜಿನ್ ವೈಫಲ್ಯ

ಕರಾವಳಿ ದೋಣಿಗಳಲ್ಲಿ ಎಂಜಿನ್ ವೈಫಲ್ಯ ಎಂದರೆ ತೀರಕ್ಕೆ ಸಮೀಪದ ಸಮುದ್ರದಲ್ಲಿ ಸಂಚರಿಸುವ ಮೀನುಗಾರಿಕೆಯ, ಪ್ರಯಾಣದ ಅಥವಾ ವಿಹಾರದ ದೋಣಿಯ ಎಂಜಿನ್ ನಡುನೀರಿನಲ್ಲಿ ನಿಂತುಹೋಗುವುದು ಅಥವಾ ದೋಣಿಯನ್ನು ಮುನ್ನಡೆಸುವ ಶಕ್ತಿಯನ್ನು ಕಳೆದುಕೊಳ್ಳುವುದು. ರಸ್ತೆಯಲ್ಲಿ ಕೆಟ್ಟ ವಾಹನ ನಿಂತಲ್ಲೇ ಇರುತ್ತದೆ. ಸಮುದ್ರದಲ್ಲಿ ಎಂಜಿನ್ ಕೆಟ್ಟ ದೋಣಿಯನ್ನು ಗಾಳಿ, ಅಲೆ ಮತ್ತು ಪ್ರವಾಹಗಳು ಬಂಡೆಗಳತ್ತಲೋ ತೆರೆದ ಕಡಲಿನತ್ತಲೋ ಒಯ್ಯುತ್ತವೆ. ಆದ್ದರಿಂದ ಇಂಥ ಸಂದರ್ಭದಲ್ಲಿ ದೋಣಿ ತೇಲಿಹೋಗದಂತೆ ತಡೆಯುವುದು ಮೊದಲ ಕರ್ತವ್ಯ. ತಾವಿರುವ ಸ್ಥಳವನ್ನು ಇತರರಿಗೆ ತಿಳಿಸುವುದು ಎರಡನೆಯದು. ಎಂಜಿನ್ ದುರಸ್ತಿ ಅನಂತರದ ಕೆಲಸ.

ಹಿನ್ನೆಲೆ

ಹಾಯಿ ಮತ್ತು ಹುಟ್ಟುಗಳ ಕಾಲದಲ್ಲಿ ದೋಣಿಯ ಚಲನೆ ಗಾಳಿಯನ್ನೂ ತೋಳ್ಬಲವನ್ನೂ ಅವಲಂಬಿಸಿತ್ತು. 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ಮಾರುಕಟ್ಟೆಗೆ ತಂದ ಔಟ್‌ಬೋರ್ಡ್ ಎಂಜಿನ್, ಸಣ್ಣ ದೋಣಿಗೂ ಯಂತ್ರವನ್ನು ಅಳವಡಿಸುವುದನ್ನು ಸುಲಭಗೊಳಿಸಿತು. ಭಾರತದಲ್ಲಿ 1953ರಿಂದ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ನಡೆದ ಭಾರತ–ನಾರ್ವೆ ಯೋಜನೆಯು ಮೀನುಗಾರಿಕೆ ದೋಣಿಗಳ ಯಾಂತ್ರೀಕರಣಕ್ಕೆ ಚಾಲನೆ ನೀಡಿತು.

ಕರ್ನಾಟಕದ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಡಲಲ್ಲಿ ಇಂದು ಮುಖ್ಯವಾಗಿ ಎರಡು ಬಗೆಯ ಎಂಜಿನ್‌ಗಳು ಕಾಣಸಿಗುತ್ತವೆ. ಟ್ರಾಲರ್ ಮತ್ತು ಪರ್ಸಿನ್ ದೋಣಿಗಳಲ್ಲಿ ಡೀಸೆಲ್ ಎಂಜಿನ್ ದೋಣಿಯ ಒಡಲಿನಲ್ಲಿರುತ್ತದೆ. ನಾಡದೋಣಿಗಳ ಹಿಂಬದಿಗೆ ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ನಡೆಯುವ ಔಟ್‌ಬೋರ್ಡ್ ಎಂಜಿನ್ನನ್ನು ಜೋಡಿಸಿರುತ್ತಾರೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಮುರುಡೇಶ್ವರದಿಂದ ನೇತ್ರಾಣಿಯ ಕಡೆಗೆ ಪ್ರವಾಸಿಗರನ್ನು ಒಯ್ಯುವ ದೋಣಿಗಳೂ ಇದೇ ಕಡಲಿನಲ್ಲಿ ಸಂಚರಿಸುತ್ತವೆ.

ತೇಲಿಹೋಗುವ ಅಪಾಯ

ಗಂಟೆಗೆ ಕೇವಲ ಒಂದು ನಾಟಿಕಲ್ ಮೈಲಿಯಂತೆ ತೇಲಿದರೂ, ಸಂಜೆ ಆರಕ್ಕೆ ಎಂಜಿನ್ ಕೆಟ್ಟ ದೋಣಿ ಮರುದಿನ ಬೆಳಗಿನ ಆರರ ಹೊತ್ತಿಗೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದೂರ ಹೋಗಿರುತ್ತದೆ. ಹೊತ್ತು ಕಳೆದಂತೆ ಹುಡುಕಬೇಕಾದ ಪ್ರದೇಶವೂ ಹಿಗ್ಗುತ್ತದೆ.

ಮಳೆಗಾಲ ಕಳೆದ ತಿಳಿಹವೆಯ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಸಾಮಾನ್ಯವಾಗಿ ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಕಡಲಿನತ್ತ ಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಕಡಲಿನಿಂದ ನೆಲದತ್ತ ಬೀಸತೊಡಗುತ್ತದೆ. ಹೀಗಾಗಿ ನಸುಕಿನಲ್ಲಿ ಎಂಜಿನ್ ಕೆಟ್ಟರೆ ದೋಣಿ ತೀರದಿಂದ ದೂರ ಸರಿಯುವ ಸಂಭವ ಹೆಚ್ಚು. ಮಧ್ಯಾಹ್ನ ಕೆಟ್ಟರೆ ಬಂಡೆಗಳಿಗೆ ಅಥವಾ ಅಲೆ ಒಡೆಯುವ ತೀರಕ್ಕೆ ಬಡಿಯುವ ಸಂಭವ ಹೆಚ್ಚು. ನದಿಗಳು ಕಡಲು ಸೇರುವ ಅಳಿವೆಗಳು ಇನ್ನೂ ಅಪಾಯಕರ. ಅಲ್ಲಿನ ಮರಳುದಿಬ್ಬಗಳ ಮೇಲೆ ಅಲೆಗಳು ಎತ್ತರವಾಗಿ ಒಡೆಯುವುದರಿಂದ, ಎಂಜಿನ್ ಇಲ್ಲದ ದೋಣಿ ಕೆಲವೇ ನಿಮಿಷಗಳಲ್ಲಿ ಮಗುಚಬಹುದು.

ಮೊದಲ ಕ್ರಮಗಳು

ಎಂಜಿನ್ ನಿಂತ ಕೂಡಲೇ ದೋಣಿಯಲ್ಲಿರುವ ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸಿ ಕೆಳಗೆ ಕುಳಿತುಕೊಳ್ಳಬೇಕು. ಕುತೂಹಲದಿಂದ ಎಲ್ಲರೂ ಎಂಜಿನ್ನಿನ ಬಳಿ ಗುಂಪುಗೂಡಿದರೆ ಸಣ್ಣ ದೋಣಿಯ ಸಮತೋಲ ತಪ್ಪುತ್ತದೆ.

ಆಳ ಕಡಿಮೆಯಿದ್ದಲ್ಲಿ ತಡಮಾಡದೆ ಲಂಗರು ಹಾಕಬೇಕು. ಲಂಗರು ತಳವನ್ನು ಕಚ್ಚಿ ಹಿಡಿಯಬೇಕಾದರೆ ಹಗ್ಗ ಓರೆಯಾಗಿ ಚಾಚಿರಬೇಕು. ಇದಕ್ಕೆ ನೀರಿನ ಆಳದ ಐದು ಪಟ್ಟು, ಗಾಳಿ ಜೋರಾಗಿದ್ದರೆ ಏಳು ಪಟ್ಟು ಹಗ್ಗವನ್ನು ಬಿಡುವುದು ರೂಢಿ. ಹತ್ತು ಮೀಟರ್ ಆಳಕ್ಕೆ ಇಪ್ಪತ್ತು ಮೀಟರ್ ಹಗ್ಗ ಬಿಟ್ಟರೆ ಲಂಗರು ತಳದಲ್ಲಿ ಜಾರುತ್ತದೆ. ಹಗ್ಗವನ್ನು ಯಾವಾಗಲೂ ದೋಣಿಯ ಮುಂಭಾಗಕ್ಕೇ ಕಟ್ಟಬೇಕು. ಹಿಂಭಾಗಕ್ಕೆ ಕಟ್ಟಿದರೆ ಅಲೆಗಳು ಹಿಂದಿನ ತಗ್ಗು ಅಂಚನ್ನು ದಾಟಿ ಒಳನುಗ್ಗುತ್ತವೆ.

ಲಂಗರು ತಲುಪದಷ್ಟು ಆಳವಿದ್ದರೆ, ಬಲವಾದ ಬಕೆಟ್, ಮಡಿಸಿದ ಟಾರ್ಪಾಲು ಅಥವಾ ಕಟ್ಟು ಹಾಕಿದ ಬಲೆಯನ್ನು ಉದ್ದನೆಯ ಹಗ್ಗದಿಂದ ಮುಂಭಾಗಕ್ಕೆ ಬಿಗಿದು ನೀರಿಗೆ ಬಿಡಬಹುದು. ಇದು ದೋಣಿಯನ್ನು ಪೂರ್ಣವಾಗಿ ನಿಲ್ಲಿಸದಿದ್ದರೂ ಅದರ ವೇಗವನ್ನು ತಗ್ಗಿಸಿ, ಮೂತಿಯನ್ನು ಅಲೆಗಳಿಗೆ ಎದುರಾಗಿ ಹಿಡಿಯುತ್ತದೆ. ಅಲೆಗೆ ಅಡ್ಡಲಾಗಿ ನಿಂತ ದೋಣಿಯೇ ಸುಲಭವಾಗಿ ಮಗುಚುವುದು.

ತೀರ ಕಣ್ಣಿಗೆ ಕಾಣುತ್ತಿದ್ದರೂ ಈಜಿಕೊಂಡು ಹೋಗುವ ಸಾಹಸ ಸಲ್ಲದು. ನೀರಿನ ಮೇಲೆ ದೂರದ ಅಂದಾಜು ತಪ್ಪುತ್ತದೆ. ಶೋಧಕರ ಕಣ್ಣಿಗೂ ಅಲೆಗಳ ನಡುವಿನ ಒಂದು ತಲೆಗಿಂತ ದೋಣಿ ಬೇಗ ಕಾಣುತ್ತದೆ.

ಕಾರಣಗಳ ಪತ್ತೆ

ಎಂಜಿನ್ ಯಾವ ರೀತಿಯಲ್ಲಿ ನಿಂತಿತು ಎಂಬುದೇ ಅನೇಕ ವೇಳೆ ಕಾರಣವನ್ನು ಸೂಚಿಸುತ್ತದೆ.

ತಡವರಿಸಿ, ವೇಗ ಏರಿಳಿದು ನಿಂತರೆ: ಇಂಧನದ ತೊಂದರೆ ಇರಬಹುದು. ತೊಟ್ಟಿಯಲ್ಲಿ ಇಂಧನ ಮುಗಿದಿರುವುದು, ತೊಟ್ಟಿಯ ಗಾಳಿರಂಧ್ರ ಮುಚ್ಚಿರುವುದು, ಫಿಲ್ಟರಿನಲ್ಲಿ ಕಸ ಅಥವಾ ನೀರು ಸೇರಿರುವುದು ಸಾಮಾನ್ಯ ಕಾರಣಗಳು. ಬಂದರಿನಲ್ಲಿ ಮಲಗಿರುವ ಕಸರು, ಕಡಲಿನಲ್ಲಿ ದೋಣಿ ಹೊಯ್ದಾಡಿದಾಗ ಮೇಲೆದ್ದು ಕೊಳವೆಯನ್ನು ಸೇರುತ್ತದೆ. ಆದಕಾರಣ ದಡದಲ್ಲಿ ಸರಾಗವಾಗಿದ್ದ ಎಂಜಿನ್ ಅಳಿವೆ ದಾಟುವಾಗಲೇ ಕೈಕೊಡುವುದುಂಟು. ಡೀಸೆಲ್ ಕೊಳವೆಗೆ ಗಾಳಿ ಸೇರಿದ್ದರೆ ಫಿಲ್ಟರಿನ ಮೇಲಿನ ಗಾಳಿ ತೆಗೆಯುವ ತಿರುಪನ್ನು ಸಡಿಲಿಸಿ, ಗುಳ್ಳೆಗಳಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಿ, ಮತ್ತೆ ಬಿಗಿಯಬೇಕು.

ಥಟ್ಟನೆ ನಿಂತರೆ: ಪೆಟ್ರೋಲ್ ಮತ್ತು ಸೀಮೆಎಣ್ಣೆ ಎಂಜಿನ್‌ಗಳಲ್ಲಿ ಕಿಡಿಯ ವ್ಯವಸ್ಥೆ ಕೆಟ್ಟಿರಬಹುದು. ಮೊದಲು ಚಾಲಕನ ಮಣಿಕಟ್ಟಿಗೆ ಕಟ್ಟುವ ತುರ್ತು ನಿಲುಗಡೆಯ ದಾರ ಕಳಚಿದೆಯೇ ಎಂದು ನೋಡಬೇಕು. ಬಳಿಕ ಸ್ಪಾರ್ಕ್ ಪ್ಲಗ್ಗನ್ನೂ ಉಪ್ಪು ಹಿಡಿದ ತಂತಿಗಳ ತುದಿಗಳನ್ನೂ ಒರಸಿ ಒಣಗಿಸಬೇಕು.

ಹಬೆ ಅಥವಾ ಸುಟ್ಟ ವಾಸನೆ ಬಂದರೆ: ಎಂಜಿನ್ನಿಗೆ ತಂಪು ನೀರು ತಲುಪುತ್ತಿಲ್ಲ. ನೀರು ಹೀರುವ ರಂಧ್ರಕ್ಕೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಿರಬಹುದು ಅಥವಾ ನೀರಿನ ಪಂಪಿನ ರಬ್ಬರು ಚಕ್ರವಾದ ಇಂಪೆಲ್ಲರ್ ಹರಿದಿರಬಹುದು. ಬಿಸಿ ಎಂಜಿನ್ನಿನ ಮೇಲೆ ಸಮುದ್ರದ ನೀರು ಸುರಿದರೆ ಲೋಹ ಬಿರುಕುಬಿಡಬಹುದು. ತಾನಾಗಿ ಆರಲು ಬಿಡಬೇಕು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆದರೆ ಕುದಿನೀರು ಚಿಮ್ಮುತ್ತದೆ.

ಎಂಜಿನ್ ಓಡುತ್ತಿದ್ದು ದೋಣಿ ಚಲಿಸದಿದ್ದರೆ, ಅಥವಾ ಗೇರು ಹಾಕಿದೊಡನೆ ಎಂಜಿನ್ ನಿಂತರೆ: ದೋಷವನ್ನು ಪ್ರೊಪೆಲ್ಲರಿನಲ್ಲಿ ಹುಡುಕಬೇಕು. ಹರಿದ ಬಲೆ ಮತ್ತು ನೈಲಾನ್ ಹಗ್ಗಗಳು ಅದಕ್ಕೆ ಸುತ್ತಿಕೊಳ್ಳುತ್ತವೆ. ಎಂಜಿನ್ನನ್ನು ಪೂರ್ಣ ನಿಲ್ಲಿಸಿ, ಕೀಲಿ ತೆಗೆದ ಮೇಲೆಯೇ ಪ್ರೊಪೆಲ್ಲರನ್ನು ಮುಟ್ಟಬೇಕು. ನೀರಿಗಿಳಿಯುವುದು ಅನಿವಾರ್ಯವಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕಡಲು ಶಾಂತವಿದ್ದಾಗ ಮಾತ್ರ ಇಳಿಯಬೇಕು.

ಪೆಟ್ರೋಲ್ ಎಂಜಿನ್ನಿನ ದುರಸ್ತಿಯ ವೇಳೆ ಬೀಡಿ, ಬೆಂಕಿಕಡ್ಡಿಗಳನ್ನು ಹತ್ತಿರ ತರಕೂಡದು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಕೂಡಿಕೊಂಡು, ಎಂಜಿನ್ ಚಾಲೂ ಮಾಡುವ ಸಣ್ಣ ಕಿಡಿಗೂ ಸ್ಫೋಟಿಸಬಲ್ಲದು. ಪದೇಪದೇ ಸ್ಟಾರ್ಟರ್ ಒತ್ತಿ ಬ್ಯಾಟರಿಯನ್ನು ಬರಿದುಮಾಡುವುದೂ ತಪ್ಪು. ಅದೇ ಬ್ಯಾಟರಿ ರೇಡಿಯೊ ಮತ್ತು ದೀಪಗಳಿಗೂ ಆಧಾರವಾಗಿರುತ್ತದೆ.

ನೆರವು ಕೋರುವ ವಿಧಾನ

ಸ್ವತಃ ಸರಿಪಡಿಸುವ ಭರವಸೆಯಿಂದ ಸಂಜೆಯವರೆಗೆ ಸುಮ್ಮನಿದ್ದು, ಕತ್ತಲಾದ ಮೇಲೆ ನೆರವು ಕೇಳುವುದು ಶೋಧಕಾರ್ಯವನ್ನು ಕಷ್ಟಗೊಳಿಸುತ್ತದೆ. ಎಂಜಿನ್ ಬಳಿಕ ಸರಿಹೋದರೆ ಕರೆಯನ್ನು ರದ್ದುಗೊಳಿಸಬಹುದು.

ಭಾರತದಲ್ಲಿ ಸಮುದ್ರದ ತುರ್ತು ಸಂದರ್ಭಗಳಿಗೆ ಭಾರತೀಯ ತಟರಕ್ಷಕ ಪಡೆಯ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ದೂರವಾಣಿ ಸಂಖ್ಯೆಗಳಿವೆ. ತೀರದಿಂದ ದೂರ ಹೋದಂತೆ ಮೊಬೈಲ್ ಸಂಕೇತ ಕ್ಷೀಣಿಸುತ್ತದೆ. ಮಾತು ಕೇಳಿಸದಿದ್ದಾಗಲೂ ಕಿರುಸಂದೇಶ ತಲುಪುವ ಸಾಧ್ಯತೆ ಇರುತ್ತದೆ.

ವಿ.ಎಚ್.ಎಫ್. ರೇಡಿಯೊದಲ್ಲಿ 16ನೆಯ ಚಾನೆಲ್ (156.8 ಮೆಗಾಹರ್ಟ್ಸ್) ಅಂತರರಾಷ್ಟ್ರೀಯ ತುರ್ತು ಕರೆಗೆ ಮೀಸಲು. ಪ್ರಾಣಾಪಾಯ ಸನ್ನಿಹಿತವಾಗಿದ್ದರೆ 'ಮೇಡೇ' ಎಂದೂ, ತುರ್ತು ನೆರವು ಬೇಕಾಗಿದ್ದು ತಕ್ಷಣದ ಪ್ರಾಣಾಪಾಯ ಇಲ್ಲದಿದ್ದರೆ 'ಪ್ಯಾನ್ ಪ್ಯಾನ್' ಎಂದೂ ಮೂರು ಬಾರಿ ಹೇಳಬೇಕು. ಲಂಗರು ಹಿಡಿದು ನಿಂತ ದೋಣಿಗೆ ಎರಡನೆಯದು ತಕ್ಕುದು. ಅದೇ ದೋಣಿ ಬಂಡೆಗಳತ್ತ ಜಾರುತ್ತಿದ್ದರೆ ಮೊದಲನೆಯದು. ಬಳಿಕ ದೋಣಿಯ ಹೆಸರು, ಅಕ್ಷಾಂಶ ರೇಖಾಂಶ ಅಥವಾ ಗುರುತಿನ ಸ್ಥಳ, ತೊಂದರೆಯ ಸ್ವರೂಪ, ಒಳಗಿರುವವರ ಸಂಖ್ಯೆ ಇವನ್ನು ನಿಧಾನವಾಗಿ ತಿಳಿಸಬೇಕು.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೊ) ಮೀನುಗಾರರಿಗಾಗಿ ರೂಪಿಸಿದ ಆಪತ್ತು ಸೂಚಕ ಉಪಕರಣವು ಗುಂಡಿ ಒತ್ತಿದಾಗ ದೋಣಿಯ ಸ್ಥಾನವನ್ನು ಉಪಗ್ರಹದ ಮೂಲಕ ರವಾನಿಸುತ್ತದೆ. ಇದರ ಎರಡನೆಯ ಪೀಳಿಗೆಯ ಉಪಕರಣದಲ್ಲಿ, ಕರೆ ತಲುಪಿತೆಂಬ ಮರುಸಂದೇಶವೂ ದೋಣಿಗೆ ಬರುತ್ತದೆ.

ಯಾವ ಉಪಕರಣವೂ ಇಲ್ಲದಿದ್ದರೆ, ಚಾಚಿದ ಎರಡೂ ಕೈಗಳನ್ನು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಮತ್ತೆ ಮತ್ತೆ ಆಡಿಸುವುದು, ಹಗಲಲ್ಲಿ ಕಿತ್ತಳೆ ಬಣ್ಣದ ಹೊಗೆ, ರಾತ್ರಿ ಕೆಂಪು ಬೆಳಕಿನ ಪಟಾಕಿ ಇವು ಅಂತರರಾಷ್ಟ್ರೀಯವಾಗಿ ಅಂಗೀಕೃತವಾದ ಆಪತ್ತಿನ ಸಂಕೇತಗಳು. ಒಂದೇ ಕೈ ಬೀಸಿದರೆ ದೂರದ ದೋಣಿಯವರು ಅದನ್ನು ಕುಶಲದ ಸನ್ನೆಯೆಂದು ಭಾವಿಸಬಹುದು.

ಎಳೆದೊಯ್ಯುವಿಕೆ

ಕೆಟ್ಟ ದೋಣಿಯನ್ನು ಮತ್ತೊಂದು ದೋಣಿ ಬಂದರಿಗೆ ಎಳೆದು ತರುವುದು ಕರಾವಳಿಯ ಮೀನುಗಾರರಲ್ಲಿ ಸಾಮಾನ್ಯ. ಹಗ್ಗವನ್ನು ಮುಂಭಾಗದ ಗಟ್ಟಿಯಾದ ಗೂಟಕ್ಕೆ ಬಿಗಿದು, ಉದ್ದವಾಗಿ ಬಿಟ್ಟು, ನಿಧಾನವಾಗಿ ಎಳೆಯಬೇಕು. ಒಮ್ಮೆಲೇ ಜಗ್ಗಿದರೆ ಹಗ್ಗ ತುಂಡಾಗಿ ಚಾಟಿಯಂತೆ ಹಿಮ್ಮರಳುತ್ತದೆ. ಅದರ ನೇರಕ್ಕೆ ಯಾರೂ ನಿಲ್ಲಬಾರದು. ದೋಣಿಗಳು ಪರಸ್ಪರ ತಾಗುವುದನ್ನು ಕೈಕಾಲುಗಳಿಂದ ತಡೆಯಲು ಹೋದರೆ ಮೂಳೆ ಮುರಿಯುತ್ತದೆ. ಅಳಿವೆಯಲ್ಲಿ ಇಳಿತದ ಸೆಳೆತ ಅಲೆಗಳಿಗೆ ಎದುರಾಗಿ ಹರಿಯುತ್ತಿದ್ದರೆ, ಉಬ್ಬರ ಬರುವವರೆಗೆ ಹೊರಗೆ ಕಾಯುವುದು ಕ್ಷೇಮ.

ಮುನ್ನೆಚ್ಚರಿಕೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧದ ಅವಧಿ. ದೋಣಿಗಳು ದಡದಲ್ಲಿರುವ ಈ ಸಮಯ ಎಂಜಿನ್ನಿನ ಪೂರ್ಣ ತಪಾಸಣೆಗೆ ಅನುಕೂಲಕರ.

ಪ್ರತಿ ಪಯಣಕ್ಕೂ ಇಂಧನದ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಮರಳಲು, ಉಳಿದ ಭಾಗ ಆಪತ್ತಿಗೆ ಎಂಬುದು ನಾವಿಕರಲ್ಲಿ ಪ್ರಚಲಿತವಾದ ಲೆಕ್ಕ. ಹೆಚ್ಚುವರಿ ಫಿಲ್ಟರ್, ಇಂಪೆಲ್ಲರ್, ಸ್ಪಾರ್ಕ್ ಪ್ಲಗ್, ಸ್ಪ್ಯಾನರುಗಳು, ಚೂರಿ, ಟಾರ್ಚ್, ಸಾಕಷ್ಟು ಉದ್ದದ ಹಗ್ಗವಿರುವ ಲಂಗರು, ಒಂದು ಜೊತೆ ಹುಟ್ಟು ಮತ್ತು ಕುಡಿಯುವ ನೀರು ದೋಣಿಯಲ್ಲಿರಬೇಕು. ಹೋಗುವ ದಾರಿ ಮತ್ತು ಮರಳುವ ಹೊತ್ತನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಿ ಹೊರಡಬೇಕು. ದೋಣಿಯಿಂದ ಯಾವ ಕರೆಯೂ ಬಾರದಿದ್ದಾಗ ಶೋಧವನ್ನು ಆರಂಭಿಸುವಂತೆ ಮಾಡಬಲ್ಲವರು ಅವರೊಬ್ಬರೇ.