ಸಾಲದ ಲೆಕ್ಕವೂ ಮೋಟಾರು ವಿಮೆಯೂ

ಅಮೆರಿಕದ ಫ್ಲಾರಿಡ ಸಂಸ್ಥಾನದಲ್ಲಿ ಮೋಟಾರು ಗಾಡಿಯುಳ್ಳ ಇಬ್ಬರಿರುವರೆಂದು ಭಾವಿಸೋಣ. ಒಬ್ಬನು ಒಂದು ಅಪಘಾತಕ್ಕೂ ಕಾರಣನಾದವನಲ್ಲ; ಆದರೆ ಸಾಲವನ್ನು ವಾಯಿದೆಗೆ ಸರಿಯಾಗಿ ತೀರಿಸಲಾರದೆ ಹಿಂದೆ ಬಿದ್ದವನು. ಮತ್ತೊಬ್ಬನ ಸಾಲದ ಲೆಕ್ಕ ಬಹಳ ಚೊಕ್ಕಟ. ಆದರೆ ಕುಡಿದು ಗಾಡಿ ನಡೆಸಿ ನ್ಯಾಯಾಲಯದಲ್ಲಿ ತಪ್ಪಿತಸ್ಥನೆನಿಸಿಕೊಂಡವನು. ಇವರಲ್ಲಿ ಯಾರ ವಿಮೆಯ ಪ್ರೀಮಿಯಂ ಹೆಚ್ಚಾಗಿರಬೇಕು? ವಾಚಕರು ಕೊಡುವ ಉತ್ತರವನ್ನು ನಾವು ಊಹಿಸಬಲ್ಲೆವು. 2015ರಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಅಲ್ಲಿನ ಪತ್ರಿಕೆ ದೇಶದ ಎಲ್ಲೆಡೆಗಳಿಂದ ಇನ್ನೂರು ಕೋಟಿಗೂ ಮಿಕ್ಕಿದ ವಿಮಾದರಗಳನ್ನು ಕಲೆಹಾಕಿ ಹೋಲಿಸಿ ನೋಡಿದಾಗ ದೊರೆತ ಉತ್ತರವೇ ಬೇರೆ. ಫ್ಲಾರಿಡದಲ್ಲಿ ಮೊದಲನೆಯವನು ಎರಡನೆಯವನಿಗಿಂತ ವರ್ಷಕ್ಕೆ ಸರಾಸರಿ 1,552 ಡಾಲರು ಹೆಚ್ಚಾಗಿ ತೆರಬೇಕಾಗಿದ್ದಿತು!

ಸಾಲದ ಪುಸ್ತಕಕ್ಕೂ ಗಾಡಿಯ ಚಕ್ರಕ್ಕೂ ಇರುವ ನಂಟಾದರೂ ಏನು?

ಸಾಲ ಕೊಡುವವನು ಮೊದಲು ನೋಡುವುದು ಪಡೆಯುವವನ ಪತ್ತನ್ನು; ಎಂದರೆ, ಕೊಟ್ಟದ್ದು ಹಿಂದಿರುಗೀತೆಂಬ ಭರವಸೆಯನ್ನು. ನಮ್ಮ ಪತ್ತಿನ ಸಹಕಾರ ಸಂಘಗಳ ಹೆಸರಿನಲ್ಲಿ ಈ ಮಾತು ಇಂದಿಗೂ ಉಳಿದಿದೆ. ಊರಿನ ಸಾಹುಕಾರನಿಗೆ ಊರಿನವರ ಪರಿಚಯವಿರುತ್ತಿತ್ತು. ಯಾರ ಪತ್ತು ಎಷ್ಟೆಂಬುದನ್ನು ಅವನು ಮನಸ್ಸಿನಲ್ಲಿಯೇ ಅಳೆಯುತ್ತಿದ್ದನು. ಕೋಟ್ಯಂತರ ಅಪರಿಚಿತರಿಗೆ ಸಾಲ ಹಂಚುವ ಬ್ಯಾಂಕಿಗೆ ಆ ಅನುಕೂಲವಿಲ್ಲ. 1956ರಲ್ಲಿ ಬಿಲ್ ಫೇರ್ ಎಂಬ ಎಂಜಿನಿಯರರೂ ಅರ್ಲ್ ಐಸಾಕ್ ಎಂಬ ಗಣಿತಜ್ಞರೂ ಕೂಡಿ ಕ್ಯಾಲಿಫೋರ್ನಿಯದಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಹಳೆಯ ಸಾಲಗಳ ಲೆಕ್ಕದಿಂದ ಮುಂದಿನ ನಡವಳಿಕೆಯನ್ನು ಅಂಕಿಯಲ್ಲಿ ಹೇಳುವ ವಿಧಾನವನ್ನು ರೂಪಿಸಿದರು. 1989ರಲ್ಲಿ ಆ ಸಂಸ್ಥೆ ಯಾವ ಬ್ಯಾಂಕಾದರೂ ಬಳಸಬಹುದಾದ ಒಂದು ಸಾಮಾನ್ಯ ಅಂಕವನ್ನು ಹೊರತಂದಿತು. 300 ಎಂದರೆ ತೀರ ಕೆಳಗೆ. 850 ಎಂದರೆ ತುತ್ತತುದಿ.

ಕೆಲವೇ ವರ್ಷಗಳಲ್ಲಿ, 1990ರ ದಶಕದ ಮೊದಲ ಭಾಗದಲ್ಲಿ, ಅದೇ ಸಾಲದ ದಾಖಲೆಗಳಿಂದ ವಿಮೆಗಾಗಿಯೇ ಬೇರೊಂದು ಅಂಕ ಸಿದ್ಧವಾಯಿತು. ಫೇರ್-ಐಸಾಕ್ ಸಂಸ್ಥೆ ತಿಳಿಸುವಂತೆ, ಇದರಲ್ಲಿ ಬಾಕಿಗಳನ್ನು ಸಕಾಲದಲ್ಲಿ ಸಲ್ಲಿಸಿದ ಚರಿತ್ರೆಗೆ ನೂರಕ್ಕೆ 40ರಷ್ಟು ತೂಕ. ಉಳಿದಿರುವ ಸಾಲದ ಮೊತ್ತಕ್ಕೆ 30. ಚರಿತ್ರೆ ಎಷ್ಟು ಹಳೆಯದೆಂಬುದಕ್ಕೆ 15. ಹೊಸ ಸಾಲಕ್ಕಾಗಿ ಅಲೆದದ್ದಕ್ಕೆ 10. ಸಾಲಗಳ ಬಗೆಗಳಿಗೆ 5. ಗಾಡಿ ನಡೆಸುವ ಕುಶಲತೆಯ ಮಾತು ಇದರಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು.

ವಿಮಾ ಸಂಸ್ಥೆಗೆ ಇದೇಕೆ ಬೇಕಾಯಿತೆಂಬುದನ್ನು ತಿಳಿಯಲು ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಸಾವಿರ ಜನ ವಿಮೆ ಇಳಿಸಿದ್ದಾರೆ; ವರ್ಷದಲ್ಲಿ 50 ಮಂದಿಗೆ ಅಪಘಾತವಾಗುತ್ತದೆ; ಒಂದೊಂದರ ವೆಚ್ಚ 2,000 ಡಾಲರು. ಒಟ್ಟು ಒಂದು ಲಕ್ಷ ಡಾಲರನ್ನು ಎಲ್ಲರಿಗೂ ಹಂಚಿದರೆ ತಲೆಗೆ 100 ಬೀಳುತ್ತದೆ. ಆ 50 ಮಂದಿ ಯಾರೆಂಬುದು ಸಂಸ್ಥೆಗೆ ತಿಳಿಯಬೇಕಾಗಿಲ್ಲ. ಸಂಖ್ಯೆ ತಿಳಿದರೆ ಸಾಕು. ಈಗ ಯಾವುದೋ ಒಂದು ಗುರುತಿನಿಂದ ಈ ಸಾವಿರವನ್ನು ಎರಡು ಸಮಭಾಗ ಮಾಡಬಹುದಾಗಿ, ಒಂದರಲ್ಲಿ 20 ಅಪಘಾತಗಳೂ ಮತ್ತೊಂದರಲ್ಲಿ 30 ಅಪಘಾತಗಳೂ ಆಗುವುದು ಕಂಡುಬಂದಿತೆನ್ನೋಣ. ಮೊದಲನೆಯ ಗುಂಪಿನ ನಿಜವಾದ ವೆಚ್ಚ ತಲೆಗೆ 80 ಡಾಲರಾಯಿತು, ಎರಡನೆಯದರದು 120. ಒಂದು ಸಂಸ್ಥೆ ಈ ಗುರುತನ್ನು ಹಿಡಿದು 80 ಡಾಲರಿಗೆ ವಿಮೆ ಮಾಡತೊಡಗಿದರೆ ಮೊದಲ ಗುಂಪಿನವರೆಲ್ಲ ಅತ್ತ ಹೋಗುವರು. ಎಲ್ಲರಿಂದಲೂ 100 ಪಡೆಯುತ್ತಿದ್ದ ಸಂಸ್ಥೆಗೆ 120 ವೆಚ್ಚದವರು ಮಾತ್ರ ಉಳಿದು ನಷ್ಟವಾಗುವುದು. ಆದುದರಿಂದ ಗುರುತಿನ ಅರ್ಥವೇನೆಂದು ವಿಚಾರಿಸಲು ಯಾರಿಗೂ ಬಿಡುವಿರುವುದಿಲ್ಲ. ಪ್ರತಿಸ್ಪರ್ಧಿ ಹಿಡಿದುದನ್ನು ತಾನೂ ಹಿಡಿಯಲೇಬೇಕು.

ಆದರೆ ಎರಡನೆಯ ಗುಂಪಿನ 500 ಜನರಲ್ಲಿ 470 ಮಂದಿ ಆ ವರ್ಷ ಯಾವ ಅಪಘಾತಕ್ಕೂ ಸಿಕ್ಕಿದವರಲ್ಲ. ಅವರೂ 120 ಡಾಲರನ್ನೇ ತೆರುವರು.

ಸಾಲದ ಅಂಕ ಇಂತಹ ಗುರುತಾಗಬಲ್ಲುದೆ? ಆಗಬಲ್ಲುದೆಂದೇ ಪರೀಕ್ಷೆಗಳು ತೋರಿಸಿವೆ. ಟೆಕ್ಸಾಸ್ ವಿಶ್ವವಿದ್ಯಾನಿಲಯದವರು 2003ರಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪಾಲಿಸಿಗಳನ್ನು ಪರಿಶೀಲಿಸಿ, ಅಂಕ ಇಳಿದಂತೆಲ್ಲ ವಿಮಾ ಸಂಸ್ಥೆಯ ನಷ್ಟ ಏರುವುದನ್ನು ಕಂಡರು. ಅಮೆರಿಕದ ಕಾಂಗ್ರೆಸ್ಸಿನ ಆದೇಶದಂತೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2007ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳಿತು. ಅಂಕವನ್ನು ಬಳಸಿದರೆ ನೂರಕ್ಕೆ 59 ಮಂದಿಯ ಅಂದಾಜು ಅಪಾಯ ತಗ್ಗುವುದೆಂದೂ 41 ಮಂದಿಯದು ಹೆಚ್ಚುವುದೆಂದೂ ಅದು ಲೆಕ್ಕ ಹಾಕಿತು.

ಕಾರಣವೇನೆಂಬ ಪ್ರಶ್ನೆಗೆ ಇಷ್ಟು ಖಚಿತವಾದ ಉತ್ತರ ದೊರೆತಿಲ್ಲ. ಹಣದ ವಿಷಯದಲ್ಲಿ ದುಡುಕುವವನು ರಸ್ತೆಯಲ್ಲಿಯೂ ದುಡುಕುವನೆಂಬುದು ಒಂದು ವಾದ. ಬ್ರಾಕೆಟ್ ಮತ್ತು ಗೋಲ್ಡನ್ ಎಂಬ ವಿದ್ವಾಂಸರು 2007ರಲ್ಲಿ ಈ ವಾದಕ್ಕೆ ಮನಶ್ಶಾಸ್ತ್ರದ ಮತ್ತು ಜೀವಶಾಸ್ತ್ರದ ಆಧಾರಗಳನ್ನು ಒದಗಿಸಲು ಯತ್ನಿಸಿದರು. ಕೇಳಲು ಒಪ್ಪುವಂತಿದೆಯಾದರೂ, ಮನೆಯಲ್ಲಿ ಕಾಯಿಲೆ ಬಂದು ಅಥವಾ ಕೆಲಸ ಹೋಗಿ ಸಾಲಕ್ಕೆ ಸಿಕ್ಕಿದವನನ್ನು ದುಡುಕಿನವನೆನ್ನಲು ನಮಗೆ ಮನಸ್ಸು ಬಾರದು. ಇನ್ನೊಂದು ವಾದ ಸರಳವಾದುದು: ಗಾಡಿಗೆ ಸಣ್ಣ ಪೆಟ್ಟು ತಗುಲಿದರೆ ಕೈಯಲ್ಲಿ ಹಣವುಳ್ಳವನು ತಾನೇ ರಿಪೇರಿ ಮಾಡಿಸಿಕೊಂಡು ಸುಮ್ಮನಾಗುವನು, ಹಣವಿಲ್ಲದವನು ವಿಮಾ ಸಂಸ್ಥೆಗೆ ಬರೆಯುವನು. ಈ ವಾದದಂತೆ ಅಂಕವು ಅಳೆಯುವುದು ಚಾಲಕನ ಅಜಾಗರೂಕತೆಯನ್ನಲ್ಲ, ಅವನ ಬರಿಗೈಯನ್ನು. ಇದೂ ಪೂರ್ಣವಾದ ಉತ್ತರವಲ್ಲ. ಏಕೆಂದರೆ ಗಾಡಿಯಿಂದ ಪೆಟ್ಟುತಿಂದ ಪರರು ಪರಿಹಾರ ಕೇಳುವ ಪ್ರಕರಣಗಳಲ್ಲಿಯೂ ಅಂಕಕ್ಕೂ ನಷ್ಟಕ್ಕೂ ಇರುವ ಸಂಬಂಧವನ್ನು ಕಮಿಷನ್ ಕಂಡಿದೆ. ಅಲ್ಲಿ ಕೇಳುವವನು ಬೇರೆ, ಅಂಕದವನು ಬೇರೆ. ಎರಡು ಸಂಗತಿಗಳು ಜೊತೆಜೊತೆಯಾಗಿ ನಡೆಯುವುದು ಒಂದು, ಒಂದಕ್ಕೊಂದು ಕಾರಣವಾಗುವುದು ಮತ್ತೊಂದು. ಸಂಖ್ಯಾಶಾಸ್ತ್ರ ಮೊದಲನೆಯದನ್ನು ತೋರಿಸಿಕೊಟ್ಟಿದೆ. ವಿಮೆಯ ದರ ಕಟ್ಟಲು ಅಷ್ಟೇ ಸಾಕೆಂದು ಸಂಸ್ಥೆಗಳು ಹೇಳುತ್ತವೆ.

ಅಷ್ಟೇ ಸಾಲದೆನ್ನುವವರೂ ಉಂಟು. ಅಂಕದ ಸೂತ್ರದಲ್ಲಿ ಜನಾಂಗದ ಹೆಸರಿಲ್ಲ. ಆದರೂ ಕಮಿಷನ್ನಿನ ಲೆಕ್ಕದಂತೆ, ಅಂಕವನ್ನು ಬಳಸಿದಾಗ ಕರಿಯ ಜನರ ಅಂದಾಜು ಅಪಾಯ ಸರಾಸರಿ ನೂರಕ್ಕೆ 10ರಷ್ಟೂ ಹಿಸ್ಪಾನಿಕ್ ಜನರದು 4.2ರಷ್ಟೂ ಏರಿತು. ತಲೆಮಾರುಗಳಿಂದ ಬ್ಯಾಂಕಿನ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಪತ್ತಿನ ಪುಟ ತೆಳ್ಳಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಕವು ಜನಾಂಗಕ್ಕೆ ಮರೆಯ ಹೆಸರಾಗಿ ಕೆಲಸಮಾಡುವುದು ಸ್ವಲ್ಪಮಟ್ಟಿಗೆ ಮಾತ್ರ, ಒಂದೇ ಜನಾಂಗದೊಳಗೂ ಅದು ಅಪಾಯವನ್ನು ಸೂಚಿಸುತ್ತದೆ ಎಂದು ಅದೇ ವರದಿ ಹೇಳಿರುವುದನ್ನೂ ನಾವು ಮರೆಮಾಡಬಾರದು.

ಕ್ಯಾಲಿಫೋರ್ನಿಯದ ಮತದಾರರು ಇಂತಹ ಅಂಕ ಹುಟ್ಟುವುದಕ್ಕೆ ಮೊದಲೇ, 1988ರಲ್ಲಿ, ಮೋಟಾರು ವಿಮೆಯ ದರಕ್ಕೆ ಮುಖ್ಯವಾಗಿ ಮೂರು ಆಧಾರಗಳಿರಬೇಕೆಂದು ಕಾಯಿದೆ ಮಾಡಿದ್ದರು: ಚಾಲಕನ ಹಿಂದಿನ ನಡತೆ, ವರ್ಷಕ್ಕೆ ಓಡಿಸುವ ಮೈಲಿಗಳು, ಚಾಲನೆಯ ಅನುಭವದ ವರ್ಷಗಳು. ಅಂಕ ಬಂದಾಗ ಅದಕ್ಕೆ ಅಲ್ಲಿ ಎಡೆ ಸಿಕ್ಕಲಿಲ್ಲ. ಹವಾಯಿ, ಮ್ಯಾಸಚೂಸೆಟ್ಸ್ ಸಂಸ್ಥಾನಗಳೂ ಮೋಟಾರು ವಿಮೆಯಲ್ಲಿ ಇದನ್ನು ನಿಷೇಧಿಸಿವೆ. ವಾಷಿಂಗ್ಟನ್ ಸಂಸ್ಥಾನದ ವಿಮಾ ಕಮಿಷನರರು 2021ರಲ್ಲಿ ಅದೇ ದಾರಿ ಹಿಡಿದರು. ಅವರ ನಿಯಮವನ್ನು 2022ರಲ್ಲಿ ನ್ಯಾಯಾಲಯ ತಳ್ಳಿಹಾಕಿತು.

ಬೆಂಗಳೂರು, ಮೈಸೂರುಗಳಿಂದ ಉದ್ಯೋಗಕ್ಕಾಗಿ ಅಲ್ಲಿಗೆ ಹೋಗುವ ನಮ್ಮ ತರುಣರಿಗೂ ಇದು ಹೊರಗಿನ ಮಾತಲ್ಲ. ಇಲ್ಲಿನ ಸಿಬಿಲ್ ಅಂಕ ಎಷ್ಟೇ ಮೇಲಿರಲಿ, ಅದು ಸಾಮಾನ್ಯವಾಗಿ ಅವರೊಡನೆ ಸಮುದ್ರವನ್ನು ದಾಟುವುದಿಲ್ಲ. ಅಮೆರಿಕದ ದಫ್ತರಗಳಲ್ಲಿ ಅವರ ಪುಟ ಖಾಲಿ. ಸ್ಯಾನ್ ಹೋಸೆಯಲ್ಲಿ ಗಾಡಿ ಕೊಂಡವನ ವಿಮಾದರಕ್ಕೆ ಈ ಪುಟವನ್ನು ಯಾರೂ ತಿರುವಿ ನೋಡುವಂತಿಲ್ಲ. ಆಸ್ಟಿನ್ನಿನಲ್ಲಿ ಕೊಂಡವನದನ್ನು ನೋಡಬಹುದು.

ಪುಟದಲ್ಲಿ ತಪ್ಪುಗಳೂ ಸೇರುವುದುಂಟು. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ದೊಡ್ಡ ದಫ್ತರಗಳ ದಾಖಲೆಗಳನ್ನು ಪರೀಕ್ಷಿಸಿದ ಫೆಡರಲ್ ಟ್ರೇಡ್ ಕಮಿಷನ್, ಐವರಲ್ಲಿ ಒಬ್ಬರಿಗೆ ಅವುಗಳಲ್ಲಿ ಒಂದರಲ್ಲಾದರೂ ತಪ್ಪಿರುವುದನ್ನು 2012ರ ತನ್ನ ಅಧ್ಯಯನದಲ್ಲಿ ಕಂಡಿತು. ಸಾಲದ ದಾಖಲೆಯನ್ನು ನೋಡಿ ವಿಮಾ ಸಂಸ್ಥೆ ದರವನ್ನು ಏರಿಸಿದರೆ ಅದನ್ನು ವಿಮೆದಾರನಿಗೆ ತಿಳಿಸಲೇಬೇಕೆಂದೂ, ದಾಖಲೆ ತಪ್ಪಾಗಿದ್ದರೆ ತಿದ್ದಿಸುವ ಹಕ್ಕು ಅವನಿಗುಂಟೆಂದೂ 1970ರ ಕಾಯಿದೆಯೊಂದು ವಿಧಿಸುತ್ತದೆ. 2003ರ ತಿದ್ದುಪಡಿಯ ಮೇರೆಗೆ ಯಾರೇ ಆಗಲಿ ಮೂರು ದಫ್ತರಗಳಿಂದಲೂ ವರ್ಷಕ್ಕೊಮ್ಮೆ ತಮ್ಮ ಪುಟದ ಪ್ರತಿಯನ್ನು ಕಾಸಿಲ್ಲದೆ ತರಿಸಿಕೊಳ್ಳಬಹುದು. ಹಾಗೆ ತರಿಸಿಕೊಂಡದ್ದರಿಂದ ಅಂಕವೇನೂ ಇಳಿಯುವುದಿಲ್ಲ.